ಆಟಿಸಂ, ಗಮನದ ಕೊರತೆ ಮತ್ತು ತಾಯಂದಿರು ಹೊತ್ತ ಅಪವಾದ

ಗೌರಸಮುದ್ರದ ಮಾರಮ್ಮನ ಜಾತ್ರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದವರಿಗೂ ದೊಡ್ಡದು. ಆ ಜನಸಾಗರದಲ್ಲಿ ಮಗುವಿಗಾಗಿ ಹರಕೆ ಹೊತ್ತ ತಾಯಂದಿರೂ ಇರುತ್ತಾರೆ. ಹೆಸರು ಹಿಡಿದು ಕರೆದರೆ ತಿರುಗದ, ಮೂರು ವರ್ಷವಾದರೂ ಮಾತಾಡದ, ಒಂದು ಗಳಿಗೆಯೂ ಕೂತಲ್ಲಿ ಕೂರದ ಮಕ್ಕಳು ನಮ್ಮ ಸೀಮೆಗೆ ಹೊಸಬರಲ್ಲ. ಊರು ಕೊಡುವ ಉತ್ತರವೂ ಹಳೆಯದೇ: ಗಾಳಿ ಸೋಕಿದೆ, ಇಲ್ಲವೇ ತಾಯಿ ನೆಟ್ಟಗೆ ಬೆಳೆಸಿಲ್ಲ. ಓದುಗರೇ, ಈ ಎರಡನೆಯ ಮಾತನ್ನು ದೊಡ್ಡ ವಿದ್ವಾಂಸರೂ ಹೇಳಿದ್ದರು.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ನೆಲೆ ಒದಗಿಸಿದರು. ಇದು ಹುಟ್ಟಿನಿಂದ ಬಂದದ್ದೆಂದು ಹೇಳಿದ ಅವರೇ, ತಂದೆತಾಯಿಯರಲ್ಲಿ ಮಮತೆಯ ಬಿಸುಪು ಕಡಿಮೆಯೆಂದೂ ಬರೆದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಗ್ರಂಥದಲ್ಲಿ ಆ ಅಪವಾದವನ್ನು ಇನ್ನಷ್ಟು ಬಲಪಡಿಸಿದರು. ಅದನ್ನು 1964ರಲ್ಲೇ ಎದುರಿಸಿದವರು ಬರ್ನಾರ್ಡ್ ರಿಮ್ಲೆಂಡ್. ಮನೋವಿಜ್ಞಾನಿ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ, ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದೆಂದು ತೋರಿಸಿದರು. ತಾಯಿಯ ತಲೆಯ ಮೇಲಿದ್ದ ಹೊರೆಯನ್ನು ವಿಜ್ಞಾನ ಇಳಿಸಿತು. ನಮ್ಮ ಊರುಗಳು ಇನ್ನೂ ಇಳಿಸಿಲ್ಲ.

ನಮ್ಮ ರಾಜ್ಯದಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿಯೂ ಸ್ಥಾಪನೆಯಾದವು. ಗೌರಸಮುದ್ರದ ಕೂಲಿಕಾರನಿಗೆ ಬೆಂಗಳೂರು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹೋಗಿಬರಲು ಎರಡು ದಿನದ ಕೂಲಿ ಖೋತಾ. ಈ ದೂರವನ್ನು ತಗ್ಗಿಸುವ ಮಹತ್ವದ ಪ್ರಯತ್ನ ನಮ್ಮ ಮಗ್ಗುಲಿನ ಬಳ್ಳಾರಿ ಜಿಲ್ಲೆಯಲ್ಲೇ ನಡೆಯಿತು. 1985ರಿಂದ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತು. 1996ರಲ್ಲಿ ಅದೇ ಮಾದರಿ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು. ಆದರೆ ಆಗ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ಮೇಲೆ. ನಾನು ಬಿ.ಎಡ್. ಓದಿದಾಗಲೂ 'ಹಿಂದುಳಿದ ಮಗು' ಎಂಬ ಪಾಠವಿತ್ತು. ಆಟಿಸಂ ಎಂಬ ಪದ ಕಿವಿಗೆ ಬಿದ್ದಿರಲಿಲ್ಲ.

ಕಾನೂನೂ ನಿಧಾನವಾಗಿಯೇ ಕಣ್ತೆರೆಯಿತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಬಂತು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೇರಿತು. ಗಮನದ ಕೊರತೆಗೆ ಅಲ್ಲಿ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎರಡೂ ಇವೆ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಮ್ಮೆ ಬರಬೇಕೆಂಬುದು ಅದರ ನಿಯಮ.

ಆ ತಂಡ ಬಂದ ದಿನ ಹೇಳಲು ಶಿಕ್ಷಕರ ಬಳಿ ಮಾತಿರಬೇಕು. ಮಗು ಬೆರಳು ತೋರಿಸಿ ಕೇಳುವುದೇ? ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ? ಹೇಳಿದ್ದನ್ನೇ ಗಿಣಿಯಂತೆ ಮರುನುಡಿಯುವುದೇ? ದಿನಚರಿ ಕೊಂಚ ಬದಲಾದರೂ ಕಂಗಾಲಾಗುವುದೇ? ಮಾತು ತಡವಾದರೆ ಮೊದಲು ಕಿವಿಯ ಪರೀಕ್ಷೆ ಆಗಲಿ. ಚಂಚಲತೆಯಾದರೋ, ಶಾಲೆಯಲ್ಲಷ್ಟೇ ಕಂಡರೆ ಸಾಲದು; ಮನೆಯಲ್ಲೂ ಆರು ತಿಂಗಳಿಗೂ ಮಿಕ್ಕಿ ಇದ್ದು ಕಲಿಕೆಗೆ ಅಡ್ಡಿಯಾಗಿದ್ದರೆ ತಜ್ಞರಿಗೆ ತೋರಿಸಬೇಕು. ಅಗತ್ಯ ಬಿದ್ದರೆ ಅವರೇ ಔಷಧ ಕೊಡುತ್ತಾರೆ. ಆಟಿಸಂ ವಾಸಿಮಾಡುವ ಔಷಧವಿಲ್ಲ. ಎಳವೆಯಲ್ಲೇ ಆರಂಭಿಸಿದ ಮಾತಿನ, ನಡವಳಿಕೆಯ ತರಬೇತಿಯಿಂದ ಬಹಳಷ್ಟು ನೆರವಾಗುತ್ತದೆ. ತರಗತಿಯಲ್ಲಿ ಅಂಥವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ನಡುವೆ ಎದ್ದು ಹಲಗೆ ಒರೆಸುವ ಕೆಲಸ ಹಚ್ಚಿ.

ಹರಕೆ ತೀರಿಸುವವರು ತೀರಿಸಲಿ. ಅದು ಅವರ ಭಕ್ತಿ. ಆದರೆ ಎರಡನೆಯ ವರ್ಷದಲ್ಲಿ ಸಿಗಬೇಕಾದ ತರಬೇತಿ ಎಂಟನೆಯ ವರ್ಷಕ್ಕೆ ಜಾರಿದರೆ ಕಳೆದುಹೋದ ಕಾಲ ಮರಳಿ ಬಾರದು. ತಾಯಿ ಮಗುವಿನೊಡನೆ ಶಾಲೆಯ ಬಾಗಿಲಿಗೆ ಬಂದಾಗ "ಹೇಗೆ ಬೆಳೆಸಿದೆಯಮ್ಮ?" ಎನ್ನಬೇಡಿ. "ಯಾವಾಗಿನಿಂದ ಹೀಗಿದ್ದಾನಮ್ಮ?" ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಆಕೆ ತಲೆ ತಗ್ಗಿಸುತ್ತಾಳೆ. ಎರಡನೆಯದಕ್ಕೆ ವೈದ್ಯರಿಗೆ ಬೇಕಾದದ್ದನ್ನೆಲ್ಲ ಹೇಳುತ್ತಾಳೆ.