ನಾಯಿಯ ತಟ್ಟೆಯಲ್ಲಿದ್ದ ಬಿಳಿಯ ಬ್ರೆಡ್ಡು

ನಾಯಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಮಾತು ಸುಳ್ಳೇನೂ ಅಲ್ಲ. ನಮ್ಮ ಶಾಲೆಯ ಅಂಗಳದಲ್ಲಿ ಬೀಡುಬಿಟ್ಟಿದ್ದ ಕಂದು ನಾಯಿಯೊಂದು ಸೀಮೆಸುಣ್ಣದ ತುಂಡುಗಳನ್ನು ಹುರಿಗಡಲೆಯಂತೆ ಕಟಕಟನೆ ಕಡಿಯುತ್ತಿದ್ದುದನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನೆನಪಿಟ್ಟುಕೊಂಡಿರಬಹುದು. ಚಪ್ಪಲಿ, ಸಾಬೂನು, ಕಾಲುಚೀಲ, ಮಾಂಸದ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲ, ಹೀಗೆ ಶ್ವಾನಕುಲದ ಭೋಜನಪಟ್ಟಿ ಬಹಳ ಉದ್ದವಾದುದು. ಮನುಷ್ಯನ ವಸತಿಯ ಅಂಚಿನಲ್ಲಿ, ಅವನು ಬಿಸುಟ ಎಂಜಲನ್ನು ನಂಬಿ ಸಾವಿರಾರು ವರ್ಷ ಬದುಕಿಬಂದ ಪ್ರಾಣಿಗೆ ಆರಿಸಿ ತಿನ್ನುವ ಭೋಗ ಎಲ್ಲಿಂದ ಬರಬೇಕು? 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ದೇಹದೊಳಗಿನ ಸಾಕ್ಷ್ಯವನ್ನೇ ಒದಗಿಸಿತು. ಪಿಷ್ಟವನ್ನು ಜೀರ್ಣಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದು ಹಲವು ಪಟ್ಟು ಹೆಚ್ಚಾಗಿದೆ. ನಮ್ಮ ಹಳ್ಳಿಯ ನಾಯಿಗಳು ರಾಗಿಮುದ್ದೆಯ ಮೇಲೆ, ಇಂಗ್ಲೆಂಡಿನ ನಾಯಿಗಳು ಬ್ರೆಡ್ಡಿನ ಮೇಲೆ ಬಾಳಿದ್ದು ಈ ಬಲದಿಂದ.

ಆದರೆ ಈ ಖ್ಯಾತಿಯಿಂದ ನಾಯಿಗೆ ಒಂದು ಅನ್ಯಾಯವೂ ಆಗಿದೆ. ನಾಯಿ ಕಾಯಿಲೆ ಬಿದ್ದಿತೆಂದರೆ, ಎಲ್ಲೋ ಏನೋ ತಿಂದು ಬಂದಿದೆ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ನಾವೇ ಅಕ್ಕರೆಯಿಂದ ಇಟ್ಟ ತಟ್ಟೆಯ ಮೇಲೆ ಸಂಶಯ ಹೋಗುವುದು ಕಟ್ಟಕಡೆಗೆ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್, ಈರುಳ್ಳಿ, ದ್ರಾಕ್ಷಿ ಇವೆಲ್ಲ ನಾಯಿಗೆ ವಿಷವೆಂಬುದು ಈಗ ಬಲ್ಲವರಿಗೆಲ್ಲ ತಿಳಿದಿದೆ. (ದ್ರಾಕ್ಷಿಯಲ್ಲಿ ಅಪಾಯಕಾರಿಯಾದುದು ಟಾರ್ಟಾರಿಕ್ ಆಮ್ಲವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಊಹಿಸುತ್ತಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ನಾಯಿ ಸಾಕಿರುವವರು ಗಮನಿಸಿರಿ.) ಇವು ನಾಯಿಗಷ್ಟೇ ಸಂಬಂಧಿಸಿದ ವಿಷಯಗಳು. ನಾನಿಲ್ಲಿ ಬರೆಯಹೊರಟಿರುವುದು ನಾಯಿಯ ತಟ್ಟೆಯಲ್ಲಿದ್ದುದೇ ನಮ್ಮ ತಟ್ಟೆಯಲ್ಲೂ ಇದ್ದ ಪ್ರಸಂಗಗಳನ್ನು ಕುರಿತು.

ಹತ್ತಿರದ ಕಾಲದ್ದನ್ನು ಮೊದಲು ಹೇಳಿಬಿಡುತ್ತೇನೆ. 2007ರ ಮಾರ್ಚ್‌ನಲ್ಲಿ ಕೆನಡಾದ ಒಂದು ಕಂಪನಿಯು ತಾನು ತಯಾರಿಸಿದ ನಾಯಿ-ಬೆಕ್ಕುಗಳ ಆಹಾರದ 6 ಕೋಟಿಗೂ ಹೆಚ್ಚು ಡಬ್ಬಿ ಮತ್ತು ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಅವನ್ನು ತಿಂದ ಪ್ರಾಣಿಗಳ ಮೂತ್ರಪಿಂಡಗಳು ಕೆಟ್ಟು ಹೋಗುತ್ತಿದ್ದವು. ಚೀನಾದಿಂದ ತರಿಸಿದ ಗೋಧಿಯ ಗ್ಲುಟೆನ್ ಎಂಬ ಪದಾರ್ಥದಲ್ಲಿ ಮೆಲಮಿನ್ ಬೆರೆತಿತ್ತು. ಪ್ಲಾಸ್ಟಿಕ್ ತಟ್ಟೆಗಳನ್ನು ಮಾಡುವ ಆ ರಾಸಾಯನಿಕವನ್ನು ಆಹಾರಕ್ಕೆ ಏಕೆ ಬೆರೆಸಬೇಕು? ಆಹಾರದಲ್ಲಿ ಪ್ರೋಟೀನು ಎಷ್ಟಿದೆಯೆಂದು ತಿಳಿಯಲು 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ರೂಪಿಸಿದ ವಿಧಾನವು ಅದರಲ್ಲಿನ ನೈಟ್ರೋಜನ್ನನ್ನು ಮಾತ್ರ ಅಳೆಯುತ್ತದೆ. ನೈಟ್ರೋಜನ್ ಪ್ರೋಟೀನಿನದೋ ಮತ್ತೊಂದರದೋ ಎಂದು ಅದು ಕೇಳುವುದಿಲ್ಲ. ಮೆಲಮಿನ್‌ನ ತೂಕದಲ್ಲಿ ಮೂರನೆಯ ಎರಡು ಪಾಲು ನೈಟ್ರೋಜನ್ನೇ. ಅಗ್ಗದ ಹಿಟ್ಟಿಗೆ ಅದನ್ನು ಸೇರಿಸಿದರೆ ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆ! ಮರುವರ್ಷ, 2008ರ ಸೆಪ್ಟೆಂಬರ್‌ನಲ್ಲಿ, ಇದೇ ಮೋಸ ಚೀನಾದ ಶಿಶುಗಳ ಹಾಲಿನ ಪುಡಿಯಲ್ಲಿ ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಅಧಿಕೃತ ಲೆಕ್ಕದಂತೆ ಆರು ಹಸುಳೆಗಳು ತೀರಿಕೊಂಡವು. ಭಾರತವು ಆ ತಿಂಗಳೇ ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು. ನಾಯಿಗಳು ಒಂದೂವರೆ ವರ್ಷದ ಮುಂಚೆಯೇ ಕೊಟ್ಟಿದ್ದ ಸುಳಿವನ್ನು ಯಾರಾದರೂ ಹಾಲಿನ ಡಬ್ಬಿಯವರೆಗೆ ಒಯ್ದಿದ್ದರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇದಕ್ಕಿಂತ ಹಳೆಯದಾದ, ನನ್ನ ದೃಷ್ಟಿಯಲ್ಲಿ ಇನ್ನೂ ವಿಚಿತ್ರವಾದ ಕಥೆಯೂ ಗೋಧಿಯ ಗ್ಲುಟೆನ್ನಿಗೇ ಸಂಬಂಧಿಸಿದುದು. ಗ್ಲುಟೆನ್ ಎಂದರೆ ಬೇರೇನಲ್ಲ. ಹೋಳಿಗೆಗೆ ಕಲಸಿದ ಮೈದಾ ಕಣಕವನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಪಿಷ್ಟವೆಲ್ಲ ಹೋಗಿ ಕೈಯಲ್ಲಿ ರಬ್ಬರಿನಂಥ ಒಂದು ಅಂಟುಮುದ್ದೆ ಉಳಿಯುತ್ತದೆಯಲ್ಲ, ಅದು. ಗೋಧಿಯ ಪ್ರೋಟೀನಿನ ಬಹುಪಾಲು ಅದರಲ್ಲಿದೆ.

ಆಗತಾನೆ ಬೀಸಿದ ಗೋಧಿಹಿಟ್ಟು ತುಸು ಹಳದಿಯಾಗಿರುತ್ತದೆ. ಅದರ ಕಣಕದಲ್ಲಿ ಬ್ರೆಡ್ಡು ಚೆನ್ನಾಗಿ ಉಬ್ಬುವುದಿಲ್ಲ. ಕೆಲವು ವಾರ ಗಾಳಿಯಾಡುವಂತೆ ಇಟ್ಟರೆ ತಾನೇ ಬೆಳ್ಳಗಾಗಿ ಹದಕ್ಕೆ ಬರುತ್ತದೆ. ಆದರೆ ದೊಡ್ಡ ಗಿರಣಿಗಳಿಗೆ ವಾರಗಟ್ಟಲೆ ಕಾಯುವುದೆಂದರೆ ಉಗ್ರಾಣದ ಬಾಡಿಗೆ, ಹಣದ ಬಡ್ಡಿ, ಇಲಿ-ಹುಳುಗಳ ಕಾಟ. 1920ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಉಪಾಯ ಬಂದಿತು. ಹಿಟ್ಟಿನ ಮೂಲಕ ನೈಟ್ರೋಜನ್ ಟ್ರೈಕ್ಲೋರೈಡ್ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಹಾಯಿಸಿದರೆ ವಾರಗಳ ಕೆಲಸ ಕ್ಷಿಪ್ರವಾಗಿ ಮುಗಿಯುತ್ತದೆ. ವ್ಯಾಪಾರದಲ್ಲಿ ಅದಕ್ಕಿಟ್ಟ ಹೆಸರು ಏಜೀನ್. ರಸಾಯನಶಾಸ್ತ್ರ ಓದಿದವರಿಗೆ ಈ ವಸ್ತು ಬೇರೊಂದು ಕಾರಣಕ್ಕೆ ಪರಿಚಿತ. ಶುದ್ಧರೂಪದಲ್ಲಿ ಅದು ಭಯಂಕರ ಸ್ಫೋಟಕ. ಅದನ್ನು ಕಂಡುಹಿಡಿದ ಫ್ರಾನ್ಸಿನ ದ್ಯುಲಾಂಗ್ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡ. 1812ರಲ್ಲಿ ಹಂಫ್ರಿ ಡೇವಿಯ ಕಣ್ಣಿಗೂ ಅದರಿಂದಲೇ ಗಾಯವಾಯಿತು. ಬರೆಯಲಾರದ ಆ ದಿನಗಳಲ್ಲಿ ಲಿಪಿಕಾರನಾಗಿ ಬಂದ ತರುಣನೇ ಮೈಕೆಲ್ ಫ್ಯಾರಡೆ. ಒಂದು ಸ್ಫೋಟ ಜಗತ್ತಿಗೆ ಫ್ಯಾರಡೆಯನ್ನು ಕೊಟ್ಟಿತೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದುಂಟು.

ಏಜೀನ್ ಹಾಯಿಸಿದ ಹಿಟ್ಟು ಎರಡು ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕದ ಬ್ರೆಡ್ಡಿನ ಬಹುಪಾಲನ್ನು ಆವರಿಸಿಕೊಂಡಿತು. ಅದೇ ಕಾಲದಲ್ಲಿ ಆ ದೇಶಗಳ ನಾಯಿಗಳಲ್ಲಿ ಒಂದು ವಿಲಕ್ಷಣ ವ್ಯಾಧಿ ವ್ಯಾಪಕವಾಗಿ ಕಾಣಿಸಿಕೊಂಡಿತ್ತು. ನೆಟ್ಟಗೆ ಮಲಗಿದ್ದ ನಾಯಿ ಏನನ್ನೋ ಕಂಡು ಬೆದರಿದಂತೆ ಥಟ್ಟನೆದ್ದು, ಬೊಗಳುತ್ತ ಊಳಿಡುತ್ತ ಓಡತೊಡಗುವುದು, ಗೋಡೆಗೆ ಬಡಿದುಕೊಳ್ಳುವುದು, ಒಡೆಯನ ಗುರುತೂ ಹತ್ತದು, ಕೊನೆಗೆ ಅಪಸ್ಮಾರದಂತೆ ಸೆಳೆತ ಬಂದು ಬೀಳುವುದು. ಕೆಲವು ಸತ್ತವು, ಕೆಲವು ಏನೂ ಆಗದಂತೆ ಎದ್ದು ಕುಳಿತವು. ಶ್ವಾನೋನ್ಮಾದವೆಂದು ಅದನ್ನು ಕರೆದರು. ಹೊಟ್ಟೆಯ ಹುಳುವೇ? ಸೋಂಕೇ? ಯಾವುದೋ ಜೀವಸತ್ವದ ಕೊರತೆಯೇ? ತರ್ಕಗಳಿಗೆ ಕೊರತೆಯಿರಲಿಲ್ಲ.

ಗಂಟನ್ನು ಬಿಡಿಸಿದವನು ಎಡ್ವರ್ಡ್ ಮೆಲನ್‌ಬಿ. ಮೊದಲ ಮಹಾಯುದ್ಧದ ಕೊನೆಗೆ ನಾಯಿಮರಿಗಳ ಆಹಾರವನ್ನು ಬದಲಿಸಿ ಬದಲಿಸಿ, ಮಕ್ಕಳ ಕಾಲುಗಳನ್ನು ಡೊಂಕಾಗಿಸುವ ರಿಕೆಟ್ಸ್ ರೋಗವು ಆಹಾರದ ಕೊರತೆಯಿಂದ ಬರುವುದೆಂದೂ ಕಾಡ್ ಮೀನಿನ ಎಣ್ಣೆಯಿಂದ ಗುಣವಾಗುವುದೆಂದೂ ತೋರಿಸಿದಾತ ಈತನೇ. 1946ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅವನ ಲೇಖನ ಬಂದಿತು. ಪ್ರಯೋಗ ಎಷ್ಟು ಸರಳವೆಂದರೆ ಹೈಸ್ಕೂಲಿನ ಹುಡುಗನಿಗೂ ಅರ್ಥವಾದೀತು. ಒಂದು ಗುಂಪಿನ ನಾಯಿಗಳಿಗೆ ಏಜೀನ್ ಹಾಯಿಸಿದ ಹಿಟ್ಟು, ಇನ್ನೊಂದಕ್ಕೆ ಏನೂ ಸೋಕದ ಹಿಟ್ಟು, ಉಳಿದುದೆಲ್ಲ ಸಮ. ಮೊದಲ ಗುಂಪಿಗೆ ಉನ್ಮಾದ ಹಿಡಿಯಿತು, ಎರಡನೆಯದಕ್ಕೆ ಇಲ್ಲ. ಸಾಕಿದವರು ಪ್ರೀತಿಯಿಂದ ಹಾಕಿದ ಬ್ರೆಡ್ಡಿನ ಚೂರು, ಹಿಟ್ಟಿನಿಂದ ಮಾಡಿದ ನಾಯಿಬಿಸ್ಕತ್ತು, ಇವೇ ವಿಷವಾಗಿದ್ದವು. ಆ ಬ್ರೆಡ್ಡಿನ ಉಳಿದ ಭಾಗವನ್ನು ಅದೇ ಮನೆಯ ಮಕ್ಕಳು ಬೆಣ್ಣೆ ಹಚ್ಚಿ ತಿಂದಿದ್ದರು.

ಅನಿಲವು ಗ್ಲುಟೆನ್ನಿನಲ್ಲಿರುವ ಮಿಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಮಿಥಿಯೋನಿನ್ ಸಲ್ಫಾಕ್ಸಿಮೀನ್ ಆಗಿ ಮಾರ್ಪಡಿಸುತ್ತದೆಂದು 1950ರ ಹೊತ್ತಿಗೆ ಬ್ರಿಟನ್ನಿನ ರಸಾಯನಜ್ಞರು ಬೇರ್ಪಡಿಸಿ ತೋರಿಸಿದರು. ಮಿದುಳಿನಲ್ಲಿ ಸೇರುವ ಅಮೋನಿಯವನ್ನು ಹೀರಿಕೊಂಡು ನಿರಪಾಯಗೊಳಿಸುವ ಕಿಣ್ವವೊಂದನ್ನು ಈ ವಸ್ತು ಕಟ್ಟಿಹಾಕುತ್ತದೆ. ನಾಯಿಯ ಓಟವೂ ಸೆಳೆತವೂ ಅದರ ಫಲ.

ಮನುಷ್ಯರ ಗತಿಯೇನು? ಸ್ವಯಂಸೇವಕರಿಗೆ ಆ ಹಿಟ್ಟನ್ನು ತಿನ್ನಿಸಿ ನೋಡಿದಾಗ ಏನೂ ಕಾಣಲಿಲ್ಲ. ಮನುಷ್ಯ ನಾಯಿಯಷ್ಟು ಸೂಕ್ಷ್ಮನಲ್ಲವೆಂದು ಗಿರಣಿಯವರು ನೆಮ್ಮದಿಪಟ್ಟರು. ಆ ವಾದ ನನಗೆ ಒಪ್ಪಿಗೆಯಾಗದು. ಕೆಲವು ವಾರದ ಪರೀಕ್ಷೆಗೂ ತೊಟ್ಟಿಲಿನಿಂದ ಮುಪ್ಪಿನವರೆಗಿನ ಊಟಕ್ಕೂ ಅಂತರವಿದೆ. ಅಲ್ಲದೆ ಆ ಇಪ್ಪತ್ತೈದು ವರ್ಷಗಳಲ್ಲಿ ಏಜೀನ್ ಹಿಟ್ಟನ್ನು ತಿನ್ನದೆ ಬೆಳೆದವರು ಆ ದೇಶಗಳಲ್ಲಿ ವಿರಳವಾದ್ದರಿಂದ ಯಾರನ್ನು ಯಾರೊಡನೆ ಹೋಲಿಸಬೇಕು? ಅಮೆರಿಕವು 1949ರಲ್ಲಿಯೇ ಏಜೀನನ್ನು ಕೈಬಿಟ್ಟಿತು. ಬ್ರಿಟನ್ನು ಮಾತ್ರ, ಪ್ರಯೋಗ ನಡೆದದ್ದೇ ಅಲ್ಲಾದರೂ, ಸಮಿತಿ, ವರದಿ, ಹೊಸ ಯಂತ್ರಗಳ ಅಭಾವ ಎಂದು ವರ್ಷಗಳನ್ನು ನೂಕಿತು. ಕ್ಲೋರಿನ್ ಡೈಆಕ್ಸೈಡ್ ಎಂಬ ಬದಲಿ ಅನಿಲ ಕೈಯಲ್ಲಿತ್ತೆಂಬುದನ್ನು ನೆನೆದರೆ ಈ ಸಾವಧಾನ ಇನ್ನಷ್ಟು ಖಟಕುತ್ತದೆ. ಮೆಲನ್‌ಬಿ ತೀರಿಕೊಂಡದ್ದು 1955ರ ಜನವರಿಯಲ್ಲಿ. ಬ್ರಿಟನ್ನಿನ ಗಿರಣಿಗಳಲ್ಲಿ ಏಜೀನ್ ನಿಂತದ್ದು ಅದೇ ವರ್ಷದ ಕೊನೆಗೆ. ಹಿಟ್ಟು ಬದಲಾದಂತೆ ಶ್ವಾನೋನ್ಮಾದವೂ ಪಶುವೈದ್ಯರ ಕಣ್ಣಿಗೆ ಬೀಳುವುದು ನಿಂತುಹೋಯಿತು.