ಫೇಸ್ ಕಾಯುವ ವಿದ್ಯೆ: ಗದಗ ಪರಿಸರದಲ್ಲಿ ವಿದ್ಯುತ್ತಿನ ಲಯ ಮತ್ತು ಮಿತವ್ಯಯ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಸೀಮೆಯ ಆಡುಮಾತಿನಲ್ಲಿ ಕಳೆದ ಕೆಲವು ದಶಕಗಳಲ್ಲಿ ನೆಲೆಯೂರಿದ ಪರಭಾಷಾ ಪದಗಳ ಪೈಕಿ ‘ಫೇಸ್’ ಎಂಬುದು ವಿಶೇಷವಾಗಿ ಗಮನಾರ್ಹವಾದುದು. ಹೊಲದ ಬೋರ್‌ವೆಲ್ ಮುಂದೆ ರಾತ್ರಿ ಕಾಯುವ ಒಕ್ಕಲಿಗನಿಗೆ ‘ತ್ರೀ ಫೇಸ್ ಬಂತು’ ಎಂದರೆ ಪಂಪ್‌ಸೆಟ್ಟು ತಿರುಗುವ ಹೊತ್ತು. ‘ಸಿಂಗಲ್ ಫೇಸ್’ ಎಂದರೆ ಮನೆಯ ದೀಪ ಮಾತ್ರ. ಎಂಜಿನಿಯರಿಂಗ್ ಶಾಸ್ತ್ರದಲ್ಲಿ ಆವರ್ತಿಸುವ ಅಲೆಯೊಂದು ತನ್ನ ಸುತ್ತಿನ ಯಾವ ಘಟ್ಟದಲ್ಲಿದೆ ಎಂಬುದನ್ನು ಸೂಚಿಸುವ ಈ ಪದವು ಇಲ್ಲಿ ಸಮಯದ, ಸರದಿಯ, ಕೆಲವೊಮ್ಮೆ ಅದೃಷ್ಟದ ಹೆಸರಾಗಿದೆ. ಈ ಪಲ್ಲಟದ ಹಿಂದೆ ವಿದ್ಯುತ್ತನ್ನು ಉಳಿಸುವುದು ಹಾಗೂ ಲಯವನ್ನು ಕೆಡದಂತೆ ಕಾಯುವುದು ಎಂಬ ಎರಡು ಒತ್ತಡಗಳ ಇತಿಹಾಸವಿದೆ.

ಲಯ ಕೂಡಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಬೆಟಗೇರಿಯ ಕೈಮಗ್ಗದಲ್ಲಿ ಕಾಲಿನ ತುಳಿತಕ್ಕೂ ಲಾಳಿಯ ಓಟಕ್ಕೂ ಹೊಂದಿಕೆ ತಪ್ಪಿದರೆ ನೇಯ್ಗೆ ಕೆಡುತ್ತದೆ. ಭಜನಾ ಮೇಳದಲ್ಲಿ ತಾಳ ಹಿಡಿದವನು ಮುಖ್ಯ ಗಾಯಕನ ನಡೆಯನ್ನು ಕಿವಿಯಿಂದ ಅಳೆದು, ತಾನು ಮುಂದಾದರೆ ತಡೆದು, ಹಿಂದಾದರೆ ಸರಿದು ಸೇರಿಕೊಳ್ಳುತ್ತಾನೆ. ಫೇಸ್ ಲಾಕ್ಡ್ ಲೂಪ್ ಎಂಬ ಮಂಡಲದ ಕೆಲಸವೂ ಇದೇ: ಹೋಲಿಸುವ ಕಿವಿ, ದುಡುಕದಂತೆ ತಡೆಯುವ ಸೋಸುಕ, ತಿದ್ದಿಕೊಂಡು ಮಿಡಿಯುವ ಆಂದೋಲಕ. ಒಂದೇ ತೊಲೆಗೆ ತೂಗುಹಾಕಿದ ಎರಡು ಲೋಲಕ ಗಡಿಯಾರಗಳು ತಾವಾಗಿಯೇ ಲಯ ಕೂಡಿಸಿಕೊಳ್ಳುವುದನ್ನು ಹಾಲೆಂಡಿನ ಹೈಗನ್ಸ್ 1665ರಲ್ಲಿ ಗುರುತಿಸಿದನು. ರೇಡಿಯೊ ಗ್ರಹಣಕ್ಕೆ ಈ ತತ್ತ್ವವನ್ನು ಅಳವಡಿಸಿದ ಫ್ರಾನ್ಸಿನ ಅನ್ರಿ ದ ಬೆಲ್ಸಿಝ್‌ನ ಪ್ರಬಂಧವು 1932ರಲ್ಲಿ ಪ್ರಕಟವಾಯಿತು.

ಜಾಲದ ಮಟ್ಟದಲ್ಲಿ ಲಯವೆಂದರೆ ಸೆಕೆಂಡಿಗೆ 50 ಆವರ್ತನ. ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ಇದು ಕುಸಿಯುತ್ತದೆ. 1990ರ ದಶಕದ ದಕ್ಷಿಣ ಜಾಲದಲ್ಲಿ ಅದು ಹಲವು ಸಲ 48ರ ಸಮೀಪಕ್ಕೆ ಇಳಿಯುತ್ತಿತ್ತು. ಆಗ ಉಳಿದ ದಾರಿ ಒಂದೇ: ಹಳ್ಳಿಗಳ ಕರೆಂಟು ತೆಗೆಯುವುದು. ಇದನ್ನು ಉಳಿತಾಯವೆಂದು ಕರೆಯುವುದು ಸಭ್ಯ ಮಾತಷ್ಟೇ. ಬೆಲೆ ತೆತ್ತವನು ಪಂಪ್‌ಸೆಟ್ಟಿನ ರೈತ. ವೋಲ್ಟೇಜು ಕುಗ್ಗಿ ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚೂ ಅವನದೇ. 2003ರ ಜನವರಿ 1ರಿಂದ ದಕ್ಷಿಣ ವಲಯದಲ್ಲಿ ಆವರ್ತನಕ್ಕೆ ದರವನ್ನು ಜೋಡಿಸಿದ ಲಭ್ಯತಾಧಾರಿತ ಸುಂಕ ಪದ್ಧತಿ ಜಾರಿಗೆ ಬಂದ ಬಳಿಕ ಲಯ ಬಹುಮಟ್ಟಿಗೆ ಸುಧಾರಿಸಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ದಕ್ಷಿಣ ಜಾಲ ಉಳಿದುಕೊಂಡಿತು. ಕಾರಣ, ಅದು ಆಗಿನ್ನೂ ಉಳಿದ ಜಾಲದೊಡನೆ ಫೇಸ್ ಕೂಡಿರದೆ ನೇರ ಪ್ರವಾಹದ ಕೊಂಡಿಗಳಿಂದಷ್ಟೇ ಸಂಬಂಧ ಹೊಂದಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದೇಶವೆಲ್ಲ ಒಂದೇ ಲಯಕ್ಕೆ ಬಂದಿತು.

ಕಪ್ಪತಗುಡ್ಡದ ಪರಿಸರದಲ್ಲಿ ಗಾಳಿಯಂತ್ರಗಳು ಮೇಲೆದ್ದದ್ದು ಈ ಕಥನದ ಇನ್ನೊಂದು ಅಧ್ಯಾಯ. ಗಾಳಿಯಂತ್ರಗಳ ಹಳೆಯ ಮಾದರಿಯಲ್ಲಿ ಇಂಡಕ್ಷನ್ ಜನರೇಟರನ್ನು ನೇರವಾಗಿ ತಂತಿಗೆ ಜೋಡಿಸುತ್ತಿದ್ದರು. ಜಾಲವೇ ಅದನ್ನು ಎಳೆದುಕೊಂಡು ಓಡಿಸುತ್ತಿತ್ತು. ಪರಿವರ್ತಕವುಳ್ಳ ಹೊಸ ಮಾದರಿಯದು ಬೇರೆ ಬಗೆ. ರೆಕ್ಕೆ ಗಾಳಿಯ ವೇಗಕ್ಕೆ ತಿರುಗಿದರೂ ಹೊರಬೀಳುವ ಪ್ರವಾಹ ಜಾಲದ ಲಯಕ್ಕೇ ಇರಬೇಕು; ಆ ಲಯವನ್ನು ಕ್ಷಣಕ್ಷಣವೂ ಆಲಿಸುವುದು ನಿಯಂತ್ರಕದೊಳಗಿನ ಡಿಜಿಟಲ್ ಫೇಸ್ ಲಾಕ್ಡ್ ಲೂಪ್. ಉದ್ದನೆಯ ದುರ್ಬಲ ತಂತಿಯ ತುದಿಯಲ್ಲಿ ಒಂದು ವಿಚಿತ್ರ ಸಂಭವಿಸುತ್ತದೆ. ಯಂತ್ರ ತಾನೇ ತಳ್ಳಿದ ಪ್ರವಾಹದಿಂದ ಅಲ್ಲಿನ ವೋಲ್ಟೇಜು ಕದಲುತ್ತದೆ. ಲೂಪು ತನ್ನದೇ ಮಾರ್ದನಿಯನ್ನು ಮುಖ್ಯ ಗಾಯಕನ ದನಿಯೆಂದು ಭ್ರಮಿಸಿ ಬೆನ್ನಟ್ಟುತ್ತದೆ. ಲೂಪು ಚುರುಕಾದಷ್ಟೂ ಈ ಭ್ರಮೆ ಹೆಚ್ಚಿ, ಕೊನೆಗೆ ಯಂತ್ರ ಜಾಲದಿಂದ ಕಳಚಿಕೊಳ್ಳುತ್ತದೆ. ಬೀಸುತ್ತಿರುವ ಗಾಳಿ ಅಷ್ಟು ಹೊತ್ತು ವ್ಯರ್ಥ. ಇಂಥಲ್ಲಿ ಲೂಪನ್ನು ನಿಧಾನಗೊಳಿಸುವುದೇ ಸ್ಥಿರತೆಗೆ ದಾರಿ.

ದೊಡ್ಡ ಗಾಳಿಯಂತ್ರದಲ್ಲಿ ಲೂಪು ಉಣ್ಣುವ ವಿದ್ಯುತ್ತು ಲೆಕ್ಕಕ್ಕೇ ಬಾರದು. ಜೇಬಿನ ಮೊಬೈಲಿನ ಅಥವಾ ಬ್ಯಾಟರಿಯಿಂದ ನಡೆಯುವ ಮಳೆಮಾಪಕದ ರೇಡಿಯೊ ಚಿಪ್ಪಿನಲ್ಲಿ ಹಾಗಲ್ಲ. ಅಲ್ಲಿ ಆಂದೋಲಕವೂ ಕಾಲದ ಅಂತರವನ್ನು ಅಂಕಿಗೆ ಇಳಿಸುವ ಅಳತೆಗಾರನೂ ಎಡೆಬಿಡದೆ ಶಕ್ತಿ ಕೇಳುತ್ತವೆ. ಹೋಲಿಕೆಯ ಸರದಿಗಳನ್ನು ಕಡಿಮೆ ಮಾಡಿದರೆ ಉಳಿತಾಯವಾಗುತ್ತದೆ, ಆದರೆ ತಿದ್ದುಪಡಿ ತಡವಾಗುತ್ತದೆ. ತಡವಾದ ತಿದ್ದುಪಡಿ ಗುರಿ ದಾಟಿ ಹೊಯ್ದಾಟವಾಗುತ್ತದೆ. ಆದ್ದರಿಂದ ಲೂಪಿನ ಚುರುಕನ್ನು ಹೋಲಿಕೆಯ ಆವರ್ತನದ ಹತ್ತನೆಯ ಒಂದಂಶಕ್ಕಿಂತ ಕೆಳಗಿಡುವುದು ವಿನ್ಯಾಸಕಾರರ ರೂಢಿ. ಹೋಲಿಕೆಯನ್ನು ಅರ್ಧಕ್ಕಿಳಿಸಿದರೆ ಚುರುಕನ್ನೂ ಅರ್ಧಕ್ಕಿಳಿಸಬೇಕು. ಹಾಗೆ ಇಳಿಸಿದಾಗ ಆಂದೋಲಕದ ಸ್ವಂತ ಅಲೆದಾಟ ತಿದ್ದದೆ ಉಳಿಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಮೇಳದ ತಾಳಗಾರನ ಜಾಣ್ಮೆಯೇ ಕಾಣುತ್ತದೆ ಎನ್ನಬಹುದು. ಪದ ಎತ್ತಿಕೊಳ್ಳುವಾಗ ಅವನು ಗಾಯಕನನ್ನೇ ದಿಟ್ಟಿಸುತ್ತಾನೆ; ನಡೆ ಕೂಡಿದ ಮೇಲೆ ಮುಂದೋ ಹಿಂದೋ ಎಂಬಷ್ಟನ್ನೇ ಕೇಳಿಕೊಂಡು ಕೈ ಸಡಿಲಿಸುತ್ತಾನೆ. ಲೂಪೂ ಹಾಗೆಯೇ ಮೊದಲು ಚುರುಕಿನ ಗೇರಿನಲ್ಲಿ ಹಿಡಿದು, ಬಳಿಕ ನಿಧಾನದ ಗೇರಿಗೆ ಸರಿದು, ಸೂಕ್ಷ್ಮ ಅಳತೆಯ ಭಾಗವನ್ನು ಮಲಗಿಸುತ್ತದೆ.

ಆದರೆ ತಾಳಗಾರರೆಲ್ಲ ಪರಸ್ಪರ ಕಿವಿಗೊಟ್ಟು ಹಿಂಬಾಲಿಸುವವರೇ ಆದರೆ ಪದ ಎತ್ತುವವರು ಯಾರು? ಫೇಸ್ ಲಾಕ್ಡ್ ಲೂಪು ಅನುಸರಿಸಬಲ್ಲುದು, ಲಯ ಹುಟ್ಟಿಸಲಾರದು. ಗಾಳಿ ಹಾಗೂ ಸೌರ ಪರಿವರ್ತಕಗಳ ಪಾಲು ಹೆಚ್ಚುತ್ತಿರುವಾಗ ತಾವೇ ಲಯ ಹಾಕಬಲ್ಲ ಪರಿವರ್ತಕಗಳ ಶೋಧ ಜಗತ್ತಿನಾದ್ಯಂತ ನಡೆದಿದೆ. ಸದ್ಯಕ್ಕೆ ಕಪ್ಪತಗುಡ್ಡದ ಗಾಳಿಯಂತ್ರಗಳು ಕಿವಿಗೊಡುವ ಲಯವನ್ನು ಬಹುಮಟ್ಟಿಗೆ ಹಿಡಿದಿಟ್ಟಿರುವುದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿಯ ಜಲಚಕ್ರಗಳು, ರಾಯಚೂರಿನ ಉಗಿಚಕ್ರಗಳು ಹಾಗೂ ದೇಶದುದ್ದಕ್ಕೂ ತಿರುಗುವ ಅಂಥವೇ ಭಾರದ ಯಂತ್ರಗಳು.