ಸವೆದ ಟೂಲ್‌ಗೆ ಬೆಲೆ ಎಲ್ಲಿಂದ ಬಂತು? (ಭಾಗ 4)

ಡಿಪ್ರಿಸಿಯೇಷನ್ ಲೆಕ್ಕದಲ್ಲಿ ‘ಸ್ಕ್ರ್ಯಾಪ್ ವ್ಯಾಲ್ಯೂ’ ಅಂತ ಒಂದು ನಂಬರ್ ಕೊಟ್ಟಿರ್ತಾರಲ್ಲ, ಅದನ್ನ ನಾವು ಕಣ್ಣು ಮುಚ್ಕೊಂಡು ಕಳೀತೀವಿ. ಆ ನಂಬರ್ ಎಲ್ಲಿಂದ ಬರುತ್ತೆ ಅಂತ ಯೋಚಿಸಿದ್ದೀರಾ? ಮಾವ ಪೀಣ್ಯದ ಲೇತ್ ಶಾಪ್ ಮುಚ್ಚೋವರೆಗೆ ನಾನೂ ಯೋಚಿಸಿರಲಿಲ್ಲ.

ಎರಡು ಲೇತ್‌ಗೂ ಗಿರಾಕಿ ಸಿಕ್ರು. ಉಳಿದಿದ್ದು ನಾಲ್ಕು ಡಬ್ಬ: ಸವೆದ ಡ್ರಿಲ್ ಬಿಟ್, ಟೂಲ್ ಬಿಟ್, ಮುರಿದ ಎಂಡ್ ಮಿಲ್, ಕಾರ್ಬೈಡ್ ಇನ್‌ಸರ್ಟ್. ಗುಜರಿಯವರು ಬಂದು ಎಲ್ಲವನ್ನೂ ಒಂದೇ ಮೂಟೆಗೆ ಸುರಿದು ಕಬ್ಬಿಣದ ರೇಟಿಗೆ ತೂಗಿದ್ರು. ಇನ್ನೂ ಬಳಸದ ಇನ್‌ಸರ್ಟ್ ಪ್ಯಾಕೆಟ್‌ಗಳೂ ಅದರಲ್ಲೇ ಹೋದವು. ಆಮೇಲೆ ಪಕ್ಕದ ಶೆಡ್ಡಿನವರು ಕೇಳಿದ್ರು: “ಕಾರ್ಬೈಡ್ ಬೇರೆ ಮಾಡ್ಲಿಲ್ವಾ ಅಣ್ಣಾ?” ಮಾವ ಮಾತಾಡಲಿಲ್ಲ.

ಆ ಮೂಟೆಯ ನಿಜವಾದ ಬೆಲೆ ಇದ್ದಿದ್ದು ಟಂಗ್‌ಸ್ಟನ್ ಅನ್ನೋ ಲೋಹದಲ್ಲಿ. ಅದರ ಕಥೆ ಕೇಳಿ.

1898, ಅಮೆರಿಕ. ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಫ್ರೆಡ್ರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಪ್ರಯೋಗ ಶುರು ಮಾಡಿದ್ರು. ಹೌದು, ನಮ್ಮ ಮ್ಯಾನೇಜ್‌ಮೆಂಟ್ ಪುಸ್ತಕದ ‘ವೈಜ್ಞಾನಿಕ ನಿರ್ವಹಣೆ’ಯ ಅದೇ ಟೇಲರ್! ಟಂಗ್‌ಸ್ಟನ್ ಸೇರಿದ ಉಕ್ಕನ್ನ ಕರಗೋ ಹಂತದ ಹತ್ತಿರದವರೆಗೆ ಕಾಯಿಸಿ ಹದ ಮಾಡಿದ್ರೆ, ಟೂಲ್ ಕೆಂಪಗೆ ಕಾದರೂ ಮೊನೆ ಮೆತ್ತಗಾಗಲ್ಲ ಅಂತ ತೋರಿಸಿದ್ರು. ಎಚ್‌ಎಸ್‌ಎಸ್, ಅಂದ್ರೆ ಹೈ ಸ್ಪೀಡ್ ಸ್ಟೀಲ್, ಬಂದಿದ್ದು ಹೀಗೆ. ಮುಂದೆ ಇದರ ಹೆಸರಾಂತ ಮಿಶ್ರಣದಲ್ಲಿ ಶೇ 18ರಷ್ಟು ಟಂಗ್‌ಸ್ಟನ್ ಇರ್ತಿತ್ತು.

1914, ಮೊದಲ ಮಹಾಯುದ್ಧ. ಟಂಗ್‌ಸ್ಟನ್ ಅದಿರು ಇದ್ದಿದ್ದು ಬರ್ಮಾದ ಟವಾಯ್‌ನಲ್ಲಿ, ಆಗ ಅದು ಬ್ರಿಟಿಷ್ ಇಂಡಿಯಾದ ಭಾಗ. ಆದ್ರೆ ಅದನ್ನ ಶುದ್ಧ ಮಾಡ್ತಿದ್ದದ್ದು ಹೆಚ್ಚಾಗಿ ಜರ್ಮನಿ. ಯುದ್ಧ ಶುರುವಾದಾಗ ಬ್ರಿಟನ್‌ಗೆ ಅದಿರು ತನ್ನ ಕೈಲಿ, ಪುಡಿ ಶತ್ರು ಕೈಲಿ ಅನ್ನೋ ಪರಿಸ್ಥಿತಿ. ಟೂಲ್ ಇಲ್ಲದೆ ಲೇತ್ ಓಡಲ್ಲ, ಲೇತ್ ಓಡದೆ ಫಿರಂಗಿ ಗುಂಡು ತಯಾರಾಗಲ್ಲ.

1923, ಜರ್ಮನಿ. ಬಲ್ಬಿನ ತಂತಿ ಎಳೆಯೋಕೆ ಬೇಕಿದ್ದ ವಜ್ರದ ಅಚ್ಚು ತುಂಬಾ ದುಬಾರಿ. ಬಲ್ಬ್ ಕಂಪನಿ ಓಸ್ರಾಮ್‌ನ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನ ಲೋಹದ ಜೊತೆ ಬೆಸೆದು ಪೇಟೆಂಟ್ ಮಾಡಿಸಿದ್ರು. ಕ್ರುಪ್ ಕಂಪನಿ ಅದನ್ನ ‘ವಿಡಿಯಾ’ ಅಂತ ಮಾರಿತು. ಜರ್ಮನ್‌ನಲ್ಲಿ ‘ವಜ್ರದಂತೆ’ ಅನ್ನೋ ಮಾತಿನಿಂದ ಬಂದ ಹೆಸರು. ಇವತ್ತಿನ ಕಾರ್ಬೈಡ್ ಇನ್‌ಸರ್ಟ್‌ಗಳು ಇದೇ ವಂಶದವು.

1944, ಎರಡನೇ ಮಹಾಯುದ್ಧ. ಜರ್ಮನಿ ಟಂಗ್‌ಸ್ಟನ್‌ಗೆ ಪೋರ್ಚುಗಲ್, ಸ್ಪೇನ್ ನಂಬಿಕೊಂಡಿತ್ತು. ಮಿತ್ರರಾಷ್ಟ್ರಗಳ ಒತ್ತಡಕ್ಕೆ ಪೋರ್ಚುಗಲ್ ಜೂನ್‌ನಲ್ಲಿ ರಫ್ತು ನಿಲ್ಲಿಸಿತು. ಅಮೆರಿಕದಲ್ಲೂ ಕೊರತೆ, ಅದಕ್ಕೇ ಮಾಲಿಬ್ಡಿನಮ್ ಬೆರೆಸಿದ ಉಕ್ಕು ಜೋರಾಗಿ ಬಳಕೆಗೆ ಬಂತು.

ಈಗ? ಜಗತ್ತಿನ ಗಣಿಗಳಿಂದ ಬರೋ ಟಂಗ್‌ಸ್ಟನ್‌ನಲ್ಲಿ ಸುಮಾರು ಶೇ 80 ಚೀನಾದ್ದು. ಫೆಬ್ರವರಿ 2025ರಲ್ಲಿ ಅದು ರಫ್ತಿಗೆ ಕಡಿವಾಣ ಹಾಕಿತು. ಹಾಗಾಗಿ ಸವೆದ ಇನ್‌ಸರ್ಟ್ ಅಂದ್ರೆ ಒಂದು ಪುಟ್ಟ ಗಣಿ. ಅದನ್ನ ಕರಗಿದ ಸತುವಿನ ಜೊತೆ ಸೇರಿಸಿ ಮತ್ತೆ ಪುಡಿ ಮಾಡ್ತಾರೆ, ಆ ಪುಡಿಯಿಂದ ಹೊಸ ಟೂಲ್ ಮಾಡ್ತಾರೆ.

ಹಾಗಾಗಿ ನಿಮ್ಮ ಮನೆಯವರದ್ದೂ ವರ್ಕ್‌ಶಾಪ್ ಇದ್ರೆ, ಮಾರೋ ಮೊದಲು ಮೂರು ಗುಂಪು ಮಾಡಿ.
1. ಬಳಸದ ಟೂಲ್: ಪ್ಯಾಕೆಟ್, ಅದರ ಮೇಲಿನ ನಂಬರ್ ಸಮೇತ ಇಡಿ. ಇದನ್ನ ಪೀಸ್ ಲೆಕ್ಕದಲ್ಲಿ ಮಾರಿ, ತೂಕಕ್ಕೆ ಬೇಡ.
2. ಕಾರ್ಬೈಡ್: ಅದೇ ಗಾತ್ರದ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ಕೈಗೇ ಗೊತ್ತಾಗುತ್ತೆ.
3. ಎಚ್‌ಎಸ್‌ಎಸ್: ಡ್ರಿಲ್, ಟೂಲ್ ಬಿಟ್ ಮೇಲೆ ಸಾಮಾನ್ಯವಾಗಿ ‘ಎಚ್‌ಎಸ್‌ಎಸ್’ ಅಂತ ಅಚ್ಚೊತ್ತಿರುತ್ತೆ. ಕಬ್ಬಿಣದ ಜೊತೆ ಬೆರೆಸಬೇಡಿ.
ಆಮೇಲೆ ಒಬ್ಬರ ಹತ್ರ ಅಲ್ಲ, ಮೂರು ಜನರ ಹತ್ರ ರೇಟ್ ಕೇಳಿ.

ಶೆಡ್ ಖಾಲಿ ಮಾಡೋ ದಿನ ಬೆಂಚಿನ ಕೆಳಗೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ತು, ತುಂಬಾ ಸವೆದ ಇನ್‌ಸರ್ಟ್. ಈ ಸಲ ವಿಚಾರಿಸಿ ಮಾರಿದ್ವಿ. ರೇಟ್ ಕೇಳಿ ಮಾವ ನಕ್ಕರು. ಆಮೇಲೆ, ಹೋದ ಮೂಟೆ ನೆನಪಾಯ್ತೇನೋ, ಸುಮ್ಮನಾದರು.

ವರ್ಕ್‌ಶಾಪ್ ಇರೋ ಫ್ರೆಂಡ್‌ಗೆ ಇದನ್ನ ಕಳಿಸಿ. ನಿಮ್ಮನೇಲೂ ಹೀಗಾಗಿದ್ರೆ ಕಾಮೆಂಟ್‌ನಲ್ಲಿ ಹೇಳಿ.

#ಗುಜರಿಯಇತಿಹಾಸ #ಪೀಣ್ಯ #ಬಿಕಾಂಹುಡುಗರು